ಗಂಗಮ್ಮನ ಮಡಿಯಲ್ಲಿ ಗೆದ್ದ ಸೋಯಾ

"ಅದೇ ಬೀಜ, ಇಲ್ಲೂ ಬೋರ್ ನೀರೇ... ಇಲ್ಲಿ ಮಾತ್ರ ಯಾಕೆ ಹಿಂಗಾಯ್ತು?"

ಕೇಳಿದವನು ಮುನಿರಾಜು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಕೆಂಗೇರಿಯಾಚೆ, ಲೇಔಟುಗಳ ನಡುವೆ ಉಳಿದ ಪಾಪಮ್ಮನ ಒಂದೆಕರೆ ಹೊಲ. ಸೋಯಾ ಗಿಡ ಕುಳ್ಳಗೆ ನಿಂತಿತ್ತು. ಕಾಯಿ ಬಿಡಿಸಿದರೆ ಅರ್ಧಕ್ಕರ್ಧ ಜೊಳ್ಳು.

ಬೀಜ ಕೊಟ್ಟವನು ಅವನೇ. ಹೋದ ವರ್ಷ ಹಳೇ ತಳಿ, ಹೊಸ ತಳಿ ಎರಡನ್ನೂ ತನ್ನ ಹೊಲದಲ್ಲಿ ಹಾಕಿ, ಹೊಸದು ದುಪ್ಪಟ್ಟು ಬಂತೆಂದು ಊರಿಗೆಲ್ಲ ಸಾರಿದ್ದ. ಅವನ ಮಾತು ನಂಬಿ ಪಾಪಮ್ಮ ಹಳೇ ಬೀಜ ಕೈಬಿಟ್ಟು, ಇಡೀ ಹೊಲಕ್ಕೆ ಅದನ್ನೇ ಬಿತ್ತಿದ್ದಳು. ಅವಳ ಸ್ತ್ರೀಶಕ್ತಿ ಸಂಘಕ್ಕೆ ವರ್ಷವಿಡೀ ಸೋಯಾ ಹಿಟ್ಟು ಮಾಡಲು ಇದ್ದ ಕಾಳು ಅದೊಂದೇ.

ಎಂಟು ದಿನ ಮುನಿರಾಜು ಅವಳ ಬೀದಿಗೇ ಹೋಗಲಿಲ್ಲ. ಮೆಟ್ರೋ ನಿಲ್ದಾಣದ ಬಳಿ ಅವಳನ್ನು ಕಂಡು ಹೂವಿನಂಗಡಿಯ ಹಿಂದೆ ಸರಿದ. ಅವಳು ಅಲ್ಲಿಗೇ ಬಂದು, "ಊಟ ಆಯ್ತೇನಪ್ಪಾ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಮರುದಿನವೇ ಅವನು ರೈತ ಸಂಪರ್ಕ ಕೇಂದ್ರದ ರಮ್ಯಳನ್ನು ತನ್ನ ಹೊಲಕ್ಕೆ ಕರೆತಂದ.

"ಅಣ್ಣ, ಹೊಸ ತಳಿ ಎಲ್ಲಿ ಹಾಕಿದ್ರಿ?"

"ಬೋರ್ ಪಕ್ಕದ ಮಡೀಲಿ, ಗಂಗಮ್ಮನ ಪೂಜೆ ಮಾಡೋ ಜಾಗ. ಹೊಸ ಬೀಜ ಅಂದ್ರೆ ನಮ್ಮನೇಲಿ ಅಲ್ಲೇ ಮೊದ್ಲು."

"ಹಳೇದು?"

"ಹೊಲದ ಆ ಕೊನೇಲಿ."

"ಮೊದಲ ನೀರು ಗಂಗಮ್ಮನ ಮಡಿಗೇ, ತಿಪ್ಪೆ ಗೊಬ್ಬರಾನೂ ಅಲ್ಲಿಗೇ. ಗೆದ್ದಿದ್ದು ತಳಿ ಅಲ್ಲಣ್ಣ, ಜಾಗ. ಪಾಪಮ್ಮನೋರ ಬೋರ್ ಅಷ್ಟು ನೀರು ಕೊಡಲ್ಲ."

ಮುನಿರಾಜು ಬೋರ್ ಪಕ್ಕದ ಮಡಿಯತ್ತ ನೋಡಿದ. ಗಂಗಮ್ಮ ಕೊಡುವುದನ್ನು ಕೊಟ್ಟಿದ್ದಳು. ಅವಳ ಕೃಪೆಯನ್ನು ಬೀಜದ ಗುಣವೆಂದು ಸಾರಿದವನು ತಾನು. ಅಂದು ಸಂಜೆ ಸಂಘದ ಹೆಂಗಸರ ಮುಂದೆ ನಿಂತು ಅಷ್ಟನ್ನೂ ಒಪ್ಪಿಕೊಂಡ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಎರಡು ತಳಿ ಹೋಲಿಸುವುದಾದರೆ ಎರಡನ್ನೂ ಒಂದೇ ದಿನ ಬಿತ್ತಿ. ನೀರು ಬರುವ ತಲೆಯಿಂದ ಹೊಲದ ಕೊನೆಯವರೆಗೆ ಅಕ್ಕಪಕ್ಕ ಉದ್ದುದ್ದ ಪಟ್ಟೆ ಮಾಡಿ. ಒಂದೊಂದು ತಳಿಗೂ ಮೂರು ಪಟ್ಟೆಯಾದರೂ ಇರಲಿ. ನೀರು, ಗೊಬ್ಬರ ಸಮನಾಗಿರಲಿ. ಬೇರೆ ಬೇರೆಯಾಗಿ ಕೊಯ್ದು, ಒಣಗಿಸಿ, ತೂಗಿ. ಕಾಳನ್ನು ಅಂಗೈಗೆ ಹಾಕಿಕೊಂಡು ನೋಡಿ, ಹಿಡಿಯಷ್ಟು ಬೀಸಿಯೂ ನೋಡಿ. ಅಲ್ಲಿಯವರೆಗೆ ಪಕ್ಕದ ಹೊಲದವರಿಗೆ ಇದೇ ಒಳ್ಳೇದೆಂದು ಮಾತು ಕೊಡಬೇಡಿ.

ಮುಂಗಾರು ಬಂತು. ಹೀಗೆ ಪಟ್ಟೆ ಮಾಡಿ ಹೋಲಿಸಿ ಎಂದು ರಮ್ಯ ಸಂಘಕ್ಕೆ ಬಂದು ಹೇಳಿದ್ದೆಲ್ಲ ಕೇಳಿಯೂ ಪಾಪಮ್ಮ ಮುನಿರಾಜುವಿನ ಬಾಗಿಲಿಗೇ ಬಂದಳು.

"ಪಟ್ಟೆಗಿಟ್ಟೆ ನಂಗ್ಯಾಕಪ್ಪಾ? ಯಾವ್ದು ಹಾಕ್ಲಿ, ನೀನೇ ಹೇಳ್ಬಿಡು. ನೀನು ಹೇಳಿದ್ದೇ ಹಾಕ್ತೀನಿ."

"ಇಲ್ಲಕ್ಕ," ಎಂದ ಮುನಿರಾಜು. "ನಾನು ಹೇಳಲ್ಲ. ನಿಮ್ ಹೊಲಾನೇ ಕೇಳಿ."