ಫ್ರಿಜ್ಜಿನಲ್ಲಿ ಎರಡೇ ಸೀಸೆ

ಪೇರಿಸಿಟ್ಟ ಇಟ್ಟಿಗೆಗಳ ಸಂದಿಯಲ್ಲಿ ಹಾವಿರುವುದು ಇಟ್ಟಿಗೆ ಗೂಡಿನಲ್ಲಿ ದುಡಿಯುವವರಿಗೆಲ್ಲ ಗೊತ್ತು. ಕಚ್ಚಿದರೆ ಬೇರು ಅರೆದು ಕೊಡುವ ತಾತನ ಹತ್ತಿರ ಓಡುವುದೂ ಅವರಿಗೆ ರೂಢಿ.

ಆ ಬೆಳಿಗ್ಗೆ ಕಚ್ಚಿಸಿಕೊಂಡವಳು ಗೊಣಗನ ಹೆಂಡತಿ. ಗೊಣಗ ಗೂಡಿನ ಬೆಂಕಿ ನೋಡಿಕೊಳ್ಳುವವನು. ಸರ್ಕಾರ, ಮೇಸ್ತ್ರಿ, ಬಿಸಿಲು, ಯಾವುದನ್ನೂ ಬೈಯದೆ ಬಿಟ್ಟವನಲ್ಲ. ಅದಕ್ಕೇ ಆ ಹೆಸರು. ಅವಳು ಇಟ್ಟಿಗೆ ಎತ್ತಲು ಬಲಗೈ ಹಾಕಿದಳು, "ಅಯ್ಯೋ!" ಎಂದು ಕೊಡವಿದಳು. ನೋಡನೋಡುತ್ತಿದ್ದಂತೆ ಕೈ ಊದತೊಡಗಿತು.

"ತಾತನ ಹತ್ರ ಹೋಗೋಣ ನಡಿ," ಎಂದ ಗೊಣಗ. "ಹೋದ ವರ್ಷ ನನಗೆ ಕಚ್ಚಿದಾಗ ಅವನೇ ಅಲ್ವಾ ಉಳಿಸಿದ್ದು?"

"ನಿನಗೆ ಕಚ್ಚಿದ್ದಕ್ಕೆ ವಿಷ ಇತ್ತೋ ಇಲ್ವೋ, ಯಾರು ಕಂಡ್ರು? ನನ್ನ ಕೈ ನೋಡು! ಆಸ್ಪತ್ರೆಗೆ ಕರ್ಕೊಂಡು ಹೋಗು," ಎಂದಳು ಹೆಂಡತಿ.

ಇಟ್ಟಿಗೆ ಲಾರಿಯಲ್ಲಿ ಕಾಲು ಗಂಟೆಗೆ ಆರೋಗ್ಯ ಕೇಂದ್ರ ಸೇರಿದರು. ನರ್ಸ್ ಅವಳನ್ನು ಮಲಗಿಸಿ, ಕೈ ಅಲುಗದಂತೆ ಹಲಗೆ ಇಟ್ಟು, ಡಾಕ್ಟರಿಗೆ ಫೋನ್ ಮಾಡಿ, ಫ್ರಿಜ್ ತೆರೆದಳು. ವಿಷ ಇಳಿಸುವ ಔಷಧದ ಸೀಸೆ ಎರಡೇ ಇದ್ದವು.

"ಹತ್ತಾದ್ರೂ ಬೇಕು. ಇರೋದು ಇಷ್ಟೇ."

"ಇದೇನು ಆಸ್ಪತ್ರೆನಾ, ಬರೀ ಬೋರ್ಡಾ?" ಎಂದು ಗೊಣಗ ಕೂಗಾಡಿದ.

ನರ್ಸ್ ಆಗಲೇ ಸೂಜಿ ಹಿಡಿದಿದ್ದಳು. ಡಾಕ್ಟರು ಹೇಳಿದಂತೆ ಎರಡನ್ನೂ ಹಾಕಿ, ಆಂಬುಲೆನ್ಸ್ ಕರೆಸಿ ಸಿಟಿಯ ದೊಡ್ಡಾಸ್ಪತ್ರೆಗೆ ಕಳಿಸಿದಳು. ದಾರಿ ಎರಡೂವರೆ ಗಂಟೆಯದು. ಅಲ್ಲಿ ಬೀರು ತುಂಬ ಔಷಧವಿತ್ತು. ಜೀವ ಉಳಿಯಿತು. ಎರಡು ಬೆರಳು ಉಳಿಯಲಿಲ್ಲ.

ಇಪ್ಪತ್ತು ದಿನದ ಮೇಲೆ ಹೆಂಡತಿಯನ್ನು ಮನೆಗೆ ಬಿಟ್ಟವನೇ ಗೊಣಗ ನೇರ ನರ್ಸ್ ಹತ್ತಿರ ಬಂದ. ಪಿತ್ತ ನೆತ್ತಿಗೇರಿತ್ತು.

"ಸಿಟಿಯಲ್ಲಿ ಬೀರು ತುಂಬ ಇಟ್ಕೊಂಡಿದಾರೆ ಸಿಸ್ಟರ್! ಅಲ್ಲಿ ಹಾವು ಏನು, ಲಿಫ್ಟ್ ಹತ್ತಿ ಬರುತ್ತಾ?"

"ನನ್ನನ್ನ ಕೇಳ್ತೀರಾ?" ನರ್ಸಿಗೂ ರೇಗಿತು. "ಮೇಲಿನವರಿಗೆ ನಾಲ್ಕು ಸಲ ಬರೆದಿದ್ದೀನಿ, ಜಾಸ್ತಿ ಕೊಡಿ ಅಂತ. 'ನಿಮ್ಮ ಕಡೆ ಹಾವೇ ಕಚ್ಚಲ್ವಲ್ಲ' ಅಂತಾರೆ!" ರಿಜಿಸ್ಟರ್ ತೆಗೆದು ಮೇಜಿನ ಮೇಲೆ ಬಡಿದಳು. "ನೋಡಿ. ಹೋದ ವರ್ಷ ಹಾವು ಕಚ್ಚಿ ಇಲ್ಲಿಗೆ ಬಂದೋರು ಒಬ್ಬರು. ಇದನ್ನ ನೋಡಿ ತಾನೇ ಅವರು ಹಂಚೋದು?"

"ಒಬ್ಬರಾ? ನಮ್ಮ ಗೂಡಲ್ಲೇ ಏಳು ಜನಕ್ಕೆ ಕಚ್ಚಿದೆ!"

"ಎಲ್ಲಿಗೆ ಹೋಗಿದ್ರು ಆ ಏಳು ಜನ?"

ತಾತನ ಹತ್ತಿರ ಹೋದವರನ್ನು ಗೊಣಗ ಬೆರಳು ಮಡಚಿ ಎಣಿಸತೊಡಗಿದ. ನಾಲ್ಕಕ್ಕೆ ನಿಂತ. ನಾಲ್ಕನೆಯವನು ಅವನೇ.

ನರ್ಸಿನ ದನಿ ತಗ್ಗಿತು. "ತಪ್ಪೆಲ್ಲ ನಿಮ್ದೇ ಅಂತ ನಾನಂದಿಲ್ಲ ಅಣ್ಣ. ದುಡ್ಡಿರೋ ದೇಶದವರ ಕಾಯಿಲೆ ಅಂದ್ರೆ ಔಷಧ ಕಂಪನಿಗಳು ನಾ ಮುಂದು ತಾ ಮುಂದು ಅಂತ ಬರ್ತವೆ. ಹಾವು ಕಚ್ಚೋದು ಬರಿಗಾಲಲ್ಲಿ ದುಡಿಯೋರಿಗೆ. ಇದನ್ನ ಮಾಡೋ ಕಂಪನಿಗಳೇ ಕಮ್ಮಿ, ಮಾಡಿದ್ದೂ ಸಾಲಲ್ಲ. ಸಾಲದ್ದನ್ನ ಹಂಚುವಾಗ ಪಟ್ಟೀಲಿ ಇಲ್ಲದೋರನ್ನ ಯಾರು ಕೇಳ್ತಾರೆ?"

"ಹೆಸರು ಬರೆಸಿದ್ರೆ ಔಷಧ ಬಂದ್ಬಿಡುತ್ತಾ? ಎಷ್ಟು ಅರ್ಜಿ ಕಂಡಿಲ್ಲ ನಾನು!"

"ಬಂದೇ ಬರುತ್ತೆ ಅಂತ ನಾನು ಹೇಳಲ್ಲ. ಬರೆಸದಿದ್ರೆ ಬರಲ್ಲ, ಅಷ್ಟು ಗೊತ್ತು. ಮುಂದಿನ ವಾರ ಆರೋಗ್ಯ ಸಮಿತಿ ಸಭೆ ಇದೆ, ಮೇಲಿನ ಅಧಿಕಾರಿ ಬರ್ತಾರೆ. ಇಲ್ಲಿ ಗೊಣಗೋದನ್ನ ಅಲ್ಲಿ ಬಂದು ಗೊಣಗಿ."

ಗೂಡಿನ ಆ ಏಳು ಜನವೂ ಸಭೆಗೆ ಹೋದರು. ಗೊಣಗನ ಹೆಂಡತಿಯೂ ಹೋದಳು. ಮೂವತ್ತು ಸೀಸೆ ಬೇಕೆಂದು ಮನವಿ ಕೊಟ್ಟರು. ಅಧಿಕಾರಿ ಅದನ್ನು ಮಡಚುತ್ತಾ, "ಪರಿಶೀಲಿಸೋಣ," ಎಂದರು.

ಅವಳು ಎದ್ದು ಬಲಗೈಯನ್ನು ಮೇಜಿನ ಮೇಲಿಟ್ಟಳು. "ಈ ಕೈಯಲ್ಲಿ ದಿನಕ್ಕೆ ಸಾವಿರ ಇಟ್ಟಿಗೆ ಎತ್ತುತ್ತಿದ್ದೆ ಸಾರ್. ಈಗ ಜಡೆ ಹಾಕ್ಕೊಳ್ಳೋಕೂ ಆಗಲ್ಲ. ಇದನ್ನೂ ಪರಿಶೀಲಿಸಿ."

ಅಧಿಕಾರಿ ಮಡಚಿದ ಕಾಗದವನ್ನು ಮತ್ತೆ ಬಿಡಿಸಿದರು.

ಎರಡು ತಿಂಗಳಿಗೆ ಹನ್ನೆರಡು ಸೀಸೆ ಬಂದವು. "ಮೂವತ್ತು ಕೇಳಿದ್ರೆ ಹನ್ನೆರಡಾ? ಇಬ್ಬರಿಗೆ ಒಟ್ಟಿಗೆ ಕಚ್ಚಿದ್ರೆ ಚೀಟಿ ಎತ್ತಬೇಕಾ?" ಎಂದು ಗೊಣಗ ಮುಂದಿನ ಸಭೆಗೂ ಹೋದ. ಈಗ ಗೂಡಿನಲ್ಲಿ ಯಾರಿಗೆ ಕಚ್ಚಿದರೂ ಅವನೇ ಲಾರಿ ಹತ್ತಿಸುತ್ತಾನೆ. ರಿಜಿಸ್ಟರಿನಲ್ಲಿ ಹೆಸರು ಬೀಳುವವರೆಗೆ ಕೇಂದ್ರದಿಂದ ಕದಲುವುದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹಾವು ಕಚ್ಚಿದರೆ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈಕಾಲು ಅಲುಗಿಸದೆ ತಕ್ಷಣ ಆಸ್ಪತ್ರೆಗೆ ಹೋಗಿ. ಹೆಸರು ಬರೆಸಿ, ಬರೆದದ್ದನ್ನು ಕಣ್ಣಾರೆ ನೋಡಿ. ನಿಮ್ಮ ಕೇಂದ್ರದಲ್ಲಿ ಈ ಔಷಧ ಎಷ್ಟಿದೆ ಎಂದು ಯಾರಿಗೂ ಕಚ್ಚುವ ಮೊದಲೇ, ಇವತ್ತೇ ಕೇಳಿ. ಸಾಲದಿದ್ದರೆ ಸಭೆಗೆ ಹೋಗಿ, ಒಬ್ಬರೇ ಅಲ್ಲ, ಹತ್ತು ಜನ ಹೋಗಿ. ಕೇಳಿದ್ದನ್ನೇ ಕೇಳುತ್ತಾರೆ ಎಂದು ಅವರಿಗೆ ಬೇಸರವಾದರೆ ಆಗಲಿ. ಕೊಡುವವರೆಗೆ ಕೇಳಿ.