ಸೂಜಿಮೊನೆಯಷ್ಟು ತೂತು

"ಒಂಬತ್ತು ಸಾವಿರ! ಒಂದು ಪೈಪಿಗೆ ಒಂಬತ್ತು ಸಾವಿರ ಅಂತಾನಪ್ಪಾ ಈ ನನ್ಮಗ! ಯಾಕ್ಲಾ, ಅಂಗಡಿಯೋನು ನಿಂಗೆಷ್ಟು ಕಮಿಷನ್ ಕೊಡ್ತೀನಿ ಅಂದವ್ನೆ?"

ಸಾಲಿನಲ್ಲಿ ನಿಂತ ಗಿರಾಕಿಗಳಿಗೂ ಕೇಳಲಿ ಎಂದೇ ಪ್ರೇಮ್‌ಕುಮಾರ್ ಇಷ್ಟು ಗಟ್ಟಿಯಾಗಿ ಬೈಯುತ್ತಿದ್ದ. ಮಾರನೆಯ ದಿನ ಆಯುಧಪೂಜೆ. ದೊಡ್ಡನೆಕ್ಕುಂದಿಯ ಅವನ ಕಾರ್ ವಾಷಿನ ಮುಂದೆ ಹನ್ನೊಂದು ಕಾರುಗಳು ಒಂದರ ಬಾಲಕ್ಕೆ ಒಂದು ಮೂತಿ ತಗುಲಿಸಿಕೊಂಡು ನಿಂತಿದ್ದವು. ಎರಡು ಕಾರುಗಳ ಗಾಜು ಇಳಿದವು, ಒಳಗಿದ್ದವರು ನಕ್ಕರು, ಗಾಜು ಮತ್ತೆ ಏರಿದವು.

ದೊಡ್ಡಮುನಿಯಪ್ಪ ನೀರು ಚಿಮ್ಮಿಸುವ ಗನ್ನು ಕೆಳಗಿಟ್ಟು ಒದ್ದೆ ಮುಖ ಒರೆಸಿಕೊಂಡ. ಐವತ್ತೆರಡು ವರ್ಷದ ಆಸಾಮಿ. ತನ್ನ ಮಗನ ವಯಸ್ಸಿನ ಪ್ರೇಮ್‌ಕುಮಾರನಿಗೆ ಅವನು ಅಣ್ಣಾ ಎನ್ನಬೇಕು. ಪ್ರೇಮ್‌ಕುಮಾರ್ ಅವನಿಗೆ ಲೇ ಎನ್ನುತ್ತಾನೆ. ಊರು ಸಿಟಿಯಾಗಿ, ಹೊಲಗಳೆಲ್ಲ ಕಂಪನಿಯಾದರೂ ಈ ಲೆಕ್ಕ ಮಾತ್ರ ಹಾಗೆಯೇ ಉಳಿದಿತ್ತು.

"ಕಮಿಷನ್ ಅಲ್ಲ ಪ್ರೇಮಣ್ಣ. ಪೈಪಿನ ಒಳಗಿನ ತಂತಿ ತುಕ್ಕು ಹಿಡ್ದೈತೆ. ಎಲ್ಲೋ ಸೀಟಿ ಹೊಡೀತೈತೆ ನೋಡು. ಪಂಪಿನ ಆಯಿಲ್ಲೂ ನೀರು ಸೇರಿ ಹಾಲಿನಂಗೆ ಆಗೈತೆ, ಸೀಲು ಹೋಗೈತೆ. ಒಂದ್ಸಲ ಬಿಚ್ಚಿಸ್ಬುಟ್ರೆ..."

"ನಿನ್ ಚಡ್ಡಿ ಬಿಚ್ಚಿಸ್ತೀನಿ ಬೋಳಿಮಗನೆ. ಹಬ್ಬದ ಟೈಮಲ್ಲಿ ಪಂಪ್ ನಿಲ್ಸಿದ್ರೆ ದಿನದ ಕಲೆಕ್ಷನ್ ನಿಮ್ಮಪ್ಪ ಕೊಡ್ತಾನಾ? ಟ್ಯೂಬ್ ಸುತ್ತು. ಹಬ್ಬ ಕಳೀಲಿ, ನೋಡಾಣ."

ಅಪ್ಪ ಕೊಡುವ ಹಾಗಿರಲಿಲ್ಲ, ಸತ್ತು ಇಪ್ಪತ್ತು ವರ್ಷವಾಗಿತ್ತು. ಬದುಕಿದ್ದಾಗ ಅವನು ಇದೇ ಜಾಗದಲ್ಲಿ ಪ್ರೇಮ್‌ಕುಮಾರನ ತಾತನ ಬಾವಿಯಿಂದ ಕಪಿಲೆ ಹೊಡೆದು ರಾಗಿ ಹೊಲಕ್ಕೆ ನೀರು ಹಾಯಿಸಿದ್ದ. ಬಾವಿ ಮುಚ್ಚಿತು, ಬೋರು ಬಂತು, ಎತ್ತಿನ ಬದಲು ಪ್ರೆಷರ್ ಪಂಪು ಬಂತು. ನೀರು ಎತ್ತುವ ಮನೆತನ ಮಾತ್ರ ಬದಲಾಗಲಿಲ್ಲ.

ಪೈಪಿಗೆ ಹಳೆ ಟೈರ್ ಟ್ಯೂಬಿನ ಪಟ್ಟಿ ಸುತ್ತಬೇಕಾದರೆ ಮೊದಲು ತೂತು ಎಲ್ಲಿದೆ ಎಂದು ತಿಳಿಯಬೇಕಲ್ಲ. ಪಂಪು ಓಡುತ್ತಿದ್ದರೆ ತಾನೇ ತೂತು ನೀರು ಉಗುಳುವುದು? ನಾಲ್ಕೂ ಕಡೆ ನೀರು ಸಿಡಿಯುವ ಜಾಗದಲ್ಲಿ ಕಣ್ಣಿನಿಂದ ಅದನ್ನು ಹುಡುಕಲಾಗದು. ಹಾಗಾಗಿ ಪಂಪು ಓಡುತ್ತಿರುವಾಗಲೇ ಪೈಪಿನ ಉದ್ದಕ್ಕೂ ಅಂಗೈ ಸವರುತ್ತ ಹೋಗಬೇಕು, ತಣ್ಣಗೆ ಚುಚ್ಚಿದ ಕಡೆ ತೂತು. ಆರು ವರ್ಷದಿಂದ ಅವನು ಹೀಗೆಯೇ ಹುಡುಕಿದ್ದ. ಈ ಕೆಲಸದಲ್ಲಿದ್ದ ಎಲ್ಲರೂ ಹೀಗೆಯೇ ಹುಡುಕುತ್ತಿದ್ದರು. ಹಾಗೆ ಮಾಡಬಾರದೆಂದು ಪಂಪು ಮಾರಿದವನೂ ಹೇಳಿರಲಿಲ್ಲ, ಕೊಂಡವನೂ ಹೇಳಿರಲಿಲ್ಲ.

ಈ ಸಲ ತಣ್ಣಗೆ ಆಗಲಿಲ್ಲ. ತೋರುಬೆರಳಿನ ಬುಡದಲ್ಲಿ ಚುರ್ ಎಂದಿತು. ಕೈ ಕಿತ್ತುಕೊಂಡು ನೋಡಿದ. ರಕ್ತವಿಲ್ಲ, ಸೀಳಿಲ್ಲ. ಸೂಜಿಮೊನೆಯಷ್ಟು ಒಂದು ಬಿಳಿ ಚುಕ್ಕೆ. ಬೆರಳು ಮಾತ್ರ ಒಳಗಿನಿಂದ ತುಂಬಿಕೊಂಡ ಹಾಗೆ ಬಿಗಿಯಾಯಿತು.

"ಪ್ರೇಮಣ್ಣ, ನೀರು ಒಳೀಕ್ ಹೋದಂಗಾಯ್ತು. ಒಸಿ ಡಾಕ್ಟ್ರಿಗೆ ತೋರುಸ್ಕೊಂಡು ಬಂದ್ಬುಡ್ತೀನಿ."

ಪ್ರೇಮ್‌ಕುಮಾರ್ ಅವನ ಕೈ ಹಿಡಿದು ತಿರುಗಿಸಿ ನೋಡಿದ, ಆಮೇಲೆ ಮುಂದಿನ ಕಾರಿನವನಿಗೂ ತೋರಿಸಿದ. "ನೋಡಿ ಸಾರ್, ಸೊಳ್ಳೆ ಕಚ್ಚಿದ್ದಕ್ಕೆ ಇವ್ನಿಗೆ ಆಸ್ಪತ್ರೆಯಂತೆ! ಇವತ್ತೇ ಬೇಕಾಗಿತ್ತೇನೋ ನಾಟ್ಕ? ಸಾಯಂಕಾಲಕ್ಕೆ ಮುಂಚೆ ಗನ್ ಕೆಳಗಿಟ್ರೆ ನಾಳೆಯಿಂದ ಬರ್ಬೇಡ."

ದೊಡ್ಡಮುನಿಯಪ್ಪ ಟ್ಯೂಬ್ ಸುತ್ತಿ, ಗನ್ನು ಎತ್ತಿಕೊಂಡ. ಆ ದಿನ ಮೂವತ್ತೆಂಟು ಕಾರು ತೊಳೆದ.

ಬೆಳಿಗ್ಗೆ ಎದ್ದಾಗ ಕೈ ಮಣಿಕಟ್ಟಿನವರೆಗೆ ಊದಿತ್ತು. ಹೆಂಡತಿ ಶಾಂತಕುಮಾರಿ ಅಪಾರ್ಟ್‌ಮೆಂಟಿನ ಕೆಲಸಕ್ಕೆ ಹೊರಟವಳು ಚೀಲ ಕೆಳಗಿಟ್ಟು ಕೈ ಹಿಡಿದುಕೊಂಡಳು. ಕೆಂಡದಂತೆ ಸುಡುತ್ತಿತ್ತು.

"ಇದ್ಯಾಕಿಂಗೈತೆ? ನಡಿ ಆಸ್ಪತ್ರೆಗೆ."

"ಪೂಜೆ ಮುಗ್ಸಿ ಹೋಗಾಣ ಕಣೆ. ನಾನಿಲ್ದೆ ಪಂಪ್ ಆನ್ ಮಾಡಕ್ ಬರಾಕಿಲ್ಲ ಅವ್ರಿಗೆ. ಇವತ್ತು ಹೋಗ್ದಿದ್ರೆ ಬೋನಸ್ಸೂ ಇಲ್ಲ, ಕೆಲ್ಸಾನೂ ಇಲ್ಲ."

"ಹಾಳಾಗೋಗ್ಲಿ ಅವ್ನ ಪಂಪು" ಎಂದಳು ಶಾಂತಕುಮಾರಿ. ಆದರೆ ಹೋಗಬೇಡ ಎನ್ನಲಿಲ್ಲ. ಬಾಡಿಗೆ ಕೊಡುವ ವಾರವಾಗಿತ್ತು ಅದು.

ಪಂಪಿನ ಕೋಣೆಯನ್ನು ಸಿಂಗರಿಸಿದ್ದರು. ಬಾಳೆಕಂದು, ಮಾವಿನ ತೋರಣ, ಮೋಟಾರಿನ ಮೇಲೆ ಮಲ್ಲಿಗೆ ಹಾರ. ಪಂಪಿನ ತಲೆಗೆ ಅರಿಶಿನ ಕುಂಕುಮ, ಪಕ್ಕದಲ್ಲಿ ಬೂದುಗುಂಬಳ, ಅದನ್ನು ಕಡಿಯಲು ಮಚ್ಚು. ಪ್ರೇಮ್‌ಕುಮಾರನ ಅಪ್ಪ ಮುನಿಆಂಜನಪ್ಪ ಬಿಳಿ ಪಂಚೆಯುಟ್ಟು ಕುರ್ಚಿಯ ಮೇಲೆ ಕೂತಿದ್ದ. ಐನೋರು ಮಂತ್ರ ಹೇಳುತ್ತಿದ್ದರು. ದೊಡ್ಡಮುನಿಯಪ್ಪ ಹೊಸ್ತಿಲಿಗೆ ಬರುತ್ತಿದ್ದಂತೆ ಮುದುಕ ಕೈಯೆತ್ತಿದ.

"ಅಲ್ಲೇ ನಿಂತ್ಕಳ್ಲಾ. ಐನೋರು ಮಡೀಲವ್ರೆ."

ನಿನ್ನೆಯವರೆಗೂ ದಿನಕ್ಕೆ ನಾಲ್ಕು ಸಲ ಆ ಪಂಪಿನ ಹೊಟ್ಟೆಯೊಳಗೆ ಕೈ ಹಾಕುತ್ತಿದ್ದವನು ಅವನೇ. ಅದರ ಆಯಿಲ್ ಅವನ ಉಗುರಿನಲ್ಲಿ ಇನ್ನೂ ಇತ್ತು. ಹೊರಗೆ ನಿಂತ.

ಆರತಿಯಾಯಿತು. ಮುಹೂರ್ತ ಮೀರುವ ಮೊದಲು ಯಂತ್ರ ಚಾಲೂ ಮಾಡಿ ಎಂದರು ಐನೋರು. ಪ್ರೇಮ್‌ಕುಮಾರ್ ಠೀವಿಯಿಂದ ಸ್ವಿಚ್ಚು ಒತ್ತಿದ. ಪಂಪು ಒಣಗಂಟಲಿನಲ್ಲಿ ಕಿರುಚಿಕೊಂಡಿತು.

"ನೀರಿನ ವಾಲು ತೆಗ್ದಿಲ್ಲ! ಆರ್ಸು, ಆರ್ಸು! ಸೀಲು ಸುಟ್ಟೋಯ್ತದೆ!" ಎಂದು ದೊಡ್ಡಮುನಿಯಪ್ಪ ಹೊರಗಿನಿಂದ ಕೂಗಿದ.

ಮುಹೂರ್ತದಲ್ಲಿ ಹಾಕಿದ ಯಂತ್ರ ಆರಿಸಲು ಯಾರೂ ಮುಂದಾಗಲಿಲ್ಲ. ಯಾವ ವಾಲು, ಎಲ್ಲಿದೆ ಎನ್ನುವುದು ಒಳಗಿದ್ದ ಒಬ್ಬರಿಗೂ ಗೊತ್ತಿಲ್ಲ. ಕೊನೆಗೆ ಅವನನ್ನೇ ಕರೆಯಬೇಕಾಯಿತು. ಐನೋರು ಪಂಚೆ ಎತ್ತಿ ಹಿಡಿದು ಗೋಡೆಗೆ ಸರಿದರು. ದೊಡ್ಡಮುನಿಯಪ್ಪ ಬಗ್ಗಿ, ಬಲಗೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯನ್ನು ವಾಲಿಗೆ ಹಾಕಿದ.

"ಥೂ, ನಿನ್ ಜನ್ಮಕ್ಕೆ!" ಮುನಿಆಂಜನಪ್ಪ ಕುರ್ಚಿಯಿಂದ ಅರ್ಧ ಎದ್ದ. "ಪೂಜೆ ಮಾಡಿರೋ ಮಿಷಿನ್ನ ಎಡಗೈಲಿ ಮುಟ್ತೀಯೇನ್ಲಾ? ನಿಮ್ಮ ಕಾಲೋನಿಯೋರಿಗೆ ಎಷ್ಟು ಹೇಳಿದ್ರೂ ಅಷ್ಟೇ!"

"ಬಲಗೈ ಊದ್ಕೊಂಡೈತೆ ಯಜಮಾನ್ರೆ."

"ಊದ್ಕೊಂಡಿದ್ರೇನು, ಬಿದ್ದೋಗೈತಾ?"

ಎಲ್ಲರೂ ನೋಡುತ್ತಿದ್ದರು. ದೊಡ್ಡಮುನಿಯಪ್ಪ ಎಡಗೈ ತೆಗೆದು ಬಲಗೈ ಹಾಕಿದ. ವಾಲು ಬಿಗಿಯಾಗಿತ್ತು. ಕಣ್ಣು ಮುಚ್ಚಿ ತಿರುಗಿಸಿದ. ಅವನ ಬಾಯಿಂದ ಹೊರಟ ಸದ್ದು ಪಂಪಿನ ಸದ್ದಿನಲ್ಲಿ ಸೇರಿಹೋಯಿತು. ನೀರು ಬಂತು, ಐನೋರು ಮಂಗಳ ಹಾಡಿದರು, ಪ್ರೇಮ್‌ಕುಮಾರ್ ಫೋಟೋ ತೆಗೆದ. ಬೋನಸ್ಸೆಂದು ಐನೂರು ರೂಪಾಯಿ, ಅರ್ಧ ಕೇಜಿ ಸ್ವೀಟು ಕೊಟ್ಟರು.

ಶಿವಾಜಿನಗರದ ದೊಡ್ಡಾಸ್ಪತ್ರೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಬಸ್ಸಿನಲ್ಲಿ ಅವನಿಗೆ ಚಳಿ ಹತ್ತಿತ್ತು. ಪರ್ವೀನ್ ಎಂಬ ಡಾಕ್ಟರಮ್ಮ ಆ ಬಿಳಿ ಚುಕ್ಕೆಯನ್ನು ಒಂದು ಸಲ ನೋಡಿದವಳೇ ಕುರ್ಚಿ ಬಿಟ್ಟು ಎದ್ದಳು.

"ಯಾವಾಗ ಆಯ್ತು ಇದು?"

"ನಿನ್ನೆ ಬೆಳಿಗ್ಗೆ ತಾಯಿ."

"ನಿನ್ನೆ ಬೆಳಿಗ್ಗೆ! ಅವಾಗ್ಲೇ ಯಾಕೆ ಬರ್ಲಿಲ್ಲ? ಹೊರಗೆ ಚುಕ್ಕೆ ಕಾಣ್ಸುತ್ತೆ ಅಷ್ಟೇ, ಪ್ರೆಷರ್ ನೀರು ಒಳಗೆಲ್ಲಾ ಸೀಳ್ಕೊಂಡು ಹೋಗಿರುತ್ತೆ. ನಿನ್ನೇನೇ ಬಂದಿದ್ರೆ ಕೊಯ್ದು ತೊಳೀತಿದ್ವಿ, ಬೆರಳು ಉಳೀತಿತ್ತು."

"ಮೂವತ್ತೆಂಟು ಕಾರಿತ್ತು ತಾಯಿ" ಎಂದ ದೊಡ್ಡಮುನಿಯಪ್ಪ. ಕೇಳಿದ ಪ್ರಶ್ನೆಗೆ ಅವನ ಬಳಿ ಇದ್ದ ಉತ್ತರ ಅದೊಂದೇ.

ತೋರುಬೆರಳು ಹೋಯಿತು, ನಾಲ್ಕು ದಿನ ಬಿಟ್ಟು ನಡುಬೆರಳೂ ಹೋಯಿತು. ಮಗ್ಗುಲಲ್ಲಿ ಕೂತು ಶಾಂತಕುಮಾರಿ ಇಡ್ಲಿ ಮುರಿದು ಅವನ ಬಾಯಿಗಿಡುತ್ತಿದ್ದಳು. ಮೊದಲ ದಿನ ಅವನು ಎಡಗೈ ಚಾಚಿದ್ದ. ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟು, "ಬುಡು, ನಾನೇ ತಿನ್ನುಸ್ತೀನಿ" ಎಂದವಳು ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತಳು.

ಇಪ್ಪತ್ತೆರಡು ದಿನಕ್ಕೆ ಅವನು ಕಾರ್ ವಾಷಿಗೆ ಬಂದ. ಬ್ಯಾಂಡೇಜು ಇನ್ನೂ ಇತ್ತು. ಗೇಟಿನಲ್ಲೇ ಅವನಿಗೆ ಪಂಪಿನ ಸದ್ದು ಬದಲಾಗಿರುವುದು ತಿಳಿಯಿತು. ಗೊರಗೊರ ಇಲ್ಲ, ಕೆಮ್ಮಿಲ್ಲ. ಅವನಿಗೆ ತಡೆಯಲಾಗದೆ ಒಂದು ಗಳಿಗೆ ಸಂತೋಷವೂ ಆಯಿತು.

"ಕೇಳಿಸ್ತಾ?" ಪ್ರೇಮ್‌ಕುಮಾರ್ ಹುಬ್ಬು ಹಾರಿಸಿದ. "ಸೀಲು, ವಾಲು, ಬೆಲ್ಟು, ಎಲ್ಲಾ ಹೊಸದು. ಮೂವತ್ತೊಂದು ಸಾವಿರ ಸುರ್ದಿದೀನಿ. ಅವತ್ತು ಪೂಜೆ ದಿನ ಒಣ ಓಡಿತ್ತಲ್ಲ, ಸುಟ್ಟೋಗಿತ್ತು. ಈಗ ವರ್ಷಕ್ಕೆ ನಾಲ್ಕ್ ಸರ್ವೀಸು, ಏನೇ ಕೆಟ್ರೂ ಅವ್ರೇ ಬಂದು ಸರಿ ಮಾಡ್ಬೇಕು ಅಂತ ಬಾಂಡ್ ಪೇಪರಲ್ಲಿ ಬರ್ಸ್ಕೊಂಡಿದೀನಿ."

"ಪೈಪು?"

"ಪೈಪು ಬರೋ ತಿಂಗ್ಳು."

ದೊಡ್ಡಮುನಿಯಪ್ಪ ನೋಡಿದ. ಅದೇ ಪೈಪು, ಅವನೇ ಸುತ್ತಿದ ಟ್ಯೂಬು. ಹೊಸ ಸೀಲಿನ ಪಂಪು ಎಷ್ಟು ರಭಸದಲ್ಲಿ ನೀರು ತಳ್ಳುತ್ತದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗನ್ನು ಹಿಡಿದಿದ್ದವನು ಅಮರಪ್ಪ, ಯಾದಗಿರಿ ಕಡೆಯಿಂದ ಬಂದು ಹದಿನೈದು ದಿನವಾಗಿತ್ತಂತೆ. ಮೂವತ್ತರ ಗಟ್ಟಿ ಆಳು.

"ಪ್ರೇಮಣ್ಣ, ನನ್ ಕೈ ವಿಷ್ಯ... ಮಾತ್ರೆ, ಓಡಾಟ, ಮನೆ ಬಾಡ್ಗೆ... ಏನಾದ್ರೂ ಒಂದು ಕೆಲ್ಸ..."

"ನಿನ್ ಕೈಗೆ ನಾನೇನ್ ಬಾಂಡ್ ಬರ್ಕೊಟ್ಟಿದ್ನಾ? ಟ್ರಿಗರ್ ಒತ್ತೋ ಬೆರಳೇ ಇಲ್ಲ, ಏನ್ ಕೆಲ್ಸ ಕೊಡ್ಲಿ? ಪಂಪಿಗೇ ಹಾಳಾಗಿ ಹೋಗಿದೀನಿ ನಾನು. ತಗೋ, ಎರಡು ಸಾವಿರ. ಹೋಗು."

ದೊಡ್ಡಮುನಿಯಪ್ಪ ಎಡಗೈ ಚಾಚಿದ.

"ದುಡ್ಡಿಗೆ ಎಡಗೈ ಒಡ್ತಾನೆ ನೋಡು" ಎಂದ ಮುನಿಆಂಜನಪ್ಪ ನೆರಳಿನ ಕುರ್ಚಿಯಿಂದ. "ಲಕ್ಷ್ಮಿ ಕಣ್ಲಾ ಅದು."

ಪ್ರೇಮ್‌ಕುಮಾರ್ ನೋಟನ್ನು ಹಿಂದಕ್ಕೆಳೆದು ಕಾದ. ದೊಡ್ಡಮುನಿಯಪ್ಪ ಬ್ಯಾಂಡೇಜಿನ ಕೈ ಮುಂದಿಟ್ಟ. ಪ್ರೇಮ್‌ಕುಮಾರ್ ಅದರ ಮೇಲೆ ಐನೂರರ ನಾಲ್ಕು ನೋಟು ಇಟ್ಟ. ಹಿಡಿಯಲಾಗದೆ ಒಂದು ಜಾರಿ ಒದ್ದೆ ನೆಲಕ್ಕೆ ಬಿತ್ತು.

ಅದನ್ನು ಎತ್ತಲು ಬಗ್ಗಿದಾಗಲೇ ಅವನಿಗೆ ಸೀಟಿ ಕೇಳಿಸಿತು. ಅಮರಪ್ಪನಿಗೂ ಕೇಳಿಸಿರಬೇಕು. ಅವನು ಗನ್ನು ಕೆಳಗಿಟ್ಟು, ಕುಕ್ಕರಗಾಲಿನಲ್ಲಿ ಕೂತು, ಪೈಪಿನ ಮೇಲೆ ಬರಿ ಅಂಗೈ ಇಟ್ಟು ಸವರುತ್ತ ಹೊರಟ.

"ಕೈ ತೆಗಿಯೋ!" ಎಂದು ದೊಡ್ಡಮುನಿಯಪ್ಪ ಕೂಗಿದ.

ಪಂಪಿನ ಸದ್ದಿಗೆ ಅದು ಕೇಳಿಸಲಿಲ್ಲ. ಅಂಗೈ ಇನ್ನೂ ಒಂದು ಗೇಣು ಮುಂದೆ ಸರಿಯಿತು.

ದೊಡ್ಡಮುನಿಯಪ್ಪ ಓಡಿದ. ಪಂಪಿನ ಕೋಣೆಗೆ ನುಗ್ಗಿ ಎಡಗೈಯಿಂದ ಸ್ವಿಚ್ಚು ಆರಿಸಿದ. ಮೂಲೆಯಲ್ಲಿ ಕುಂಬಳಕಾಯಿ ಕಡಿದ ಮಚ್ಚು ಕುಂಕುಮದ ಸಮೇತ ಹಾಗೆಯೇ ಬಿದ್ದಿತ್ತು. ಎತ್ತಿಕೊಂಡ. ಹೊರಗೆ ಬಂದವನು ಅಷ್ಟು ಸಿಟ್ಟಿನಲ್ಲೂ ಗನ್ನಿನ ಟ್ರಿಗರನ್ನು ಕಾಲಿನಲ್ಲಿ ಒತ್ತಿ ಪೈಪಿನೊಳಗೆ ಉಳಿದ ಪ್ರೆಷರ್ ಬಿಟ್ಟ. ಆರು ವರ್ಷದ ಅಭ್ಯಾಸ. ಆಮೇಲೆ ಪೈಪಿನ ಮೇಲೆ ಮಚ್ಚು ಬೀಸಿದ. ಒಂದು ಏಟು, ಎರಡು, ಆರು. ಎಡಗೈ ಏಟುಗಳು, ಅಡ್ಡಾದಿಡ್ಡಿ ಬಿದ್ದವು. ರಬ್ಬರು ಕತ್ತರಿಸಿ ಒಳಗಿನ ತಂತಿ ಬಲೆ ಕಾಣಿಸಿತು. ಪೈಪು ಮಾತ್ರ ತುಂಡಾಗಲಿಲ್ಲ.

ಪ್ರೇಮ್‌ಕುಮಾರ್ ಅವನ ಬೆನ್ನಿಗೆ ಒದ್ದು ಕೆಡವಿದ, ಮಚ್ಚು ಕಸಿದು ಎಸೆದ. "ಸೂಳೆಮಗನೆ! ನನ್ ಅನ್ನಕ್ಕೇ ಮಚ್ಚಾಕ್ತೀಯಾ? ಲೇ ಅಮರಪ್ಪಾ, ಟ್ಯೂಬ್ ತಗೊಂಡ್ ಬಾ, ನಾಲ್ಕು ಸುತ್ತು ಸುತ್ತು. ಇವತ್ತು ಓಡ್ಲೇಬೇಕು."

ಅಮರಪ್ಪ ಟ್ಯೂಬಿನ ಪಟ್ಟಿ ತಂದ. ಅವನ ಮುಖ ಅಳುವ ಹಾಗಾಗಿತ್ತು. "ಯಣ್ಣಾ, ನಾ ಏನ್ ಮಾಡೀನಿ ನಿನಗ? ಊರಿಗಿ ರೊಕ್ಕ ಕಳಸಬೇಕಪಾ. ಈ ಕೆಲಸಾನೂ ಕಳೀತಿಯೇನ್ ನಂದು?"

ದೊಡ್ಡಮುನಿಯಪ್ಪ ಬ್ಯಾಂಡೇಜಿನ ಕೈ ಎತ್ತಿ ತೋರಿಸಿದ. ಅಮರಪ್ಪ ಅದನ್ನು ನೋಡಿದ, ತನ್ನ ಅಂಗೈ ನೋಡಿಕೊಂಡ, ಪ್ರೇಮ್‌ಕುಮಾರನನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ ಟ್ಯೂಬ್ ಸುತ್ತತೊಡಗಿದ. ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದ.

ರಸ್ತೆಯಲ್ಲಿ ಕಾದಿದ್ದ ಕಾರುಗಳು ಹಾರ್ನ್ ಮಾಡುತ್ತಿದ್ದವು. ಪ್ರೇಮ್‌ಕುಮಾರ್ ತಾನೇ ಪಂಪಿನ ಕೋಣೆಗೆ ಹೋದ.

ದೊಡ್ಡಮುನಿಯಪ್ಪ ಒದ್ದೆ ನೆಲದ ಮೇಲೆ ತೆವಳಿಕೊಂಡು ಬಂದು ಪೈಪಿನ ಪಕ್ಕ ಕಾಲು ಮಡಚಿ ಕೂತ. ಉಳಿದಿದ್ದ ಎಡಗೈಯಿಂದ, ಐದೂ ಬೆರಳಿನಿಂದ, ಮಚ್ಚಿನ ಏಟು ಬಿದ್ದ ಜಾಗವನ್ನು ಟ್ಯೂಬಿನ ಮೇಲೆಯೇ ಬಿಗಿಯಾಗಿ ಹಿಡಿದುಕೊಂಡ.

"ಬಿಡೋ ಯಣ್ಣಾ, ಬಿಡೋ!" ಅಮರಪ್ಪ ಅವನ ತೋಳು ಹಿಡಿದು ಎಳೆದ. ಕೈ ಬಿಡಲಿಲ್ಲ.

"ಏಳ್ಲಾ ಮೇಲೆ!" ಎಂದು ಪ್ರೇಮ್‌ಕುಮಾರ್ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ತೆರೆದ ಬಾಗಿಲಿನಿಂದ ಕೂಗಿದ.

ದೊಡ್ಡಮುನಿಯಪ್ಪ ಆರು ವರ್ಷದಲ್ಲಿ ಮೊದಲ ಸಲ ಅವನ ಹೆಸರಿನಿಂದ ಅಣ್ಣನನ್ನು ಕಿತ್ತು ಹಾಕಿದ.

"ಹಾಕ್ಲಾ ಪ್ರೇಮಾ. ಹಾಕು."

ಮುನಿಆಂಜನಪ್ಪ ಕುರ್ಚಿಯಿಂದ ಎದ್ದು ನಿಂತಿದ್ದ. ಸಾಲಿನ ಮೊದಲ ಕಾರಿನ ಗಾಜು ಇಳಿಯಿತು. "ಏನ್ರೀ, ಇನ್ನೂ ಎಷ್ಟೊತ್ತು?" ಎಂದು ಯಾರೋ ಕೇಳಿದರು. ಪ್ರೇಮ್‌ಕುಮಾರ್ ಆ ಕಾರಿನ ಕಡೆ ನೋಡಿದ, ಪೈಪಿನ ಮೇಲಿನ ಕೈ ನೋಡಿದ. ಅವನ ಬೆರಳು ಇನ್ನೂ ಸ್ವಿಚ್ಚಿನ ಮೇಲೆಯೇ ಇತ್ತು.