ಅಕ್ಕ ಬಗ್ಗಿಸಿದ ಬಿಳಿ ವೈನ್

ಜಖಂಗೊಂಡ ಕಾರುಗಳನ್ನು ನೋಡಿ, ಮಾಲೀಕ ಹೇಳುವ ಕಥೆ ನಿಜವೋ ಸುಳ್ಳೋ ಎಂದು ವಿಮಾ ಕಂಪನಿಗೆ ತಿಳಿಸುವುದು ಅಕ್ಕನ ಕೆಲಸ. ನಿಲ್ಲಿಸಿದ್ದ ಕಾರಿಗೆ ಯಾರೋ ಗುದ್ದಿ ಓಡಿಹೋದರು ಎಂದು ಒಬ್ಬ ಕಣ್ಣೀರಿಡುತ್ತಿದ್ದರೆ, ಇವಳು ಮಂಡಿಯೂರಿ ಬಂಪರಿನ ಕೆಳಗೆ ಟಾರ್ಚ್ ಬಿಟ್ಟು, "ನಿಂತ ಕಾರಿಗೆ ಗೀರು ಇಷ್ಟುದ್ದ ಬೀಳಲ್ಲ ಸ್ವಾಮಿ" ಎನ್ನುವಳು. ಆ ಕೆಲಸ ಅವಳ ಉಗುರಿಗೆ ಗ್ರೀಸು ಅಂಟಿಸಿದಂತೆ ಸ್ವಭಾವಕ್ಕೆ ಅನುಮಾನವನ್ನೂ ಅಂಟಿಸಿಬಿಟ್ಟಿತ್ತು. ತರಕಾರಿಯವನು ಬೆಳಿಗ್ಗೆ ಕಿತ್ತ ಸೊಪ್ಪು ಎಂದರೆ, ಎಷ್ಟು ಗಂಟೆಗೆ ಎಂದು ಕೇಳುವವಳು ಅವಳು.

ಹೀಗಿರುವಾಗ ತಂಗಿ ಫೋನು ಮಾಡಿ, ತಾನೊಬ್ಬನನ್ನು ಮದುವೆಯಾಗುವುದಾಗಿಯೂ, ಅವನು ಇಟಲಿಯಿಂದ ಬಿಳಿ ವೈನ್ ತರಿಸಿ ಹೋಟೆಲುಗಳಿಗೆ ಮಾರುತ್ತಾನೆಂದೂ ಹೇಳಿದಾಗ ಅಕ್ಕನ ಬಾಯಿಂದ ಮೊದಲು ಬಂದದ್ದು, "ಬಿಳಿ ಮಾತ್ರಾನಾ? ಕೆಂಪು ಯಾಕಿಲ್ಲ?"

"ಅಯ್ಯೋ, ಅದರಲ್ಲೂ ಅನುಮಾನಾನಾ? ಬಂದು ಅವನನ್ನೇ ಕೇಳು" ಎಂದಳು ತಂಗಿ.

ಅಕ್ಕ ಹೋದಳು. ಅವನ ಗೋದಾಮಿನ ಹಿಂದೊಂದು ಇಕ್ಕಟ್ಟಾದ ಕೋಣೆ. ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ನಾಲ್ಕು ಬಾಟಲಿ, ತೊಳೆದು ಬೋರಲು ಹಾಕಿದ ಗ್ಲಾಸುಗಳು. ಆಸಾಮಿ ಉದ್ದಕ್ಕೆ ತೆಳ್ಳಗಿದ್ದ. ಗ್ಲಾಸಿಗೆ ವೈನ್ ಹಾಕಿದವನೇ ಅದನ್ನು ಗರಗರ ತಿರುಗಿಸಿ, ತುದಿ ಕಾಣದಷ್ಟು ಒಳಗೆ ಮೂಗು ಇಳಿಸಿದ. ಆ ಕ್ಷಣದಲ್ಲೇ ಅಕ್ಕನ ಮನಸ್ಸಿನಲ್ಲಿ ಅವನಿಗೆ ಮೂಗಪ್ಪ ಎಂಬ ಹೆಸರು ಬಿತ್ತು.

ಅಕ್ಕ ಬೀರು ಕುಡಿಯುವವಳು, ಅದೂ ರಜೆಯ ದಿನ. ಬಿಳಿ ವೈನನ್ನು ಆಫೀಸಿನ ಪಾರ್ಟಿಗಳಲ್ಲಿ ನೋಡಿದ್ದಳು. ಹುಳಿನೀರಿಗೆ ಸೂಟು ಹೊಲಿಸಿ ಹಾಕಿದಂತೆ ಎಂಬುದು ಅದರ ಬಗ್ಗೆ ಅವಳ ತೀರ್ಪು.

ಮೊದಲು ಪಿನೋ ಗ್ರಿಜಿಯೊ ಎಂಬ ವೈನ್ ಬಂತು. "ಏನನ್ಸತ್ತೆ ಅಕ್ಕ?" ಎಂದ.

"ತಣ್ಣಗಿದೆ."

"ಸರಿಯಾಗಿ ಹೇಳಿದ್ರಿ. ಇದರಲ್ಲಿ ಅದಕ್ಕಿಂತ ಹೆಚ್ಚೇನಿಲ್ಲ."

ತನ್ನ ಮಾಲನ್ನು ತಾನೇ ಇಳಿಸಿ ಮಾತಾಡುವ ವ್ಯಾಪಾರಿಯನ್ನು ಕಂಡರೆ ಬೇರೆಯವರು ಮೆಚ್ಚಿಕೊಳ್ಳುತ್ತಾರೆ. ಅಕ್ಕನ ಹುಬ್ಬು ಗಂಟಾಯಿತು. ಹಿಂದಿನ ಲೈಟು ಮೊದಲೇ ಒಡೆದಿತ್ತು ಎಂದು ತಾವಾಗಿಯೇ ಒಪ್ಪಿಕೊಂಡು, ಎಂಜಿನ್ನಿನ ವಿಷಯದಲ್ಲಿ ದೊಡ್ಡ ಸುಳ್ಳು ದಾಟಿಸುವವರನ್ನು ಅವಳು ಬೇಕಾದಷ್ಟು ನೋಡಿದ್ದಳು.

ಎರಡನೆಯದಾಗಿ ಸೋಆವೆ ಬಂದಾಗ ಅವನು ಇದರಲ್ಲಿ ಪೇರ್ ಹಣ್ಣು, ಬಾದಾಮಿ ಹೂವಿನ ಪರಿಮಳ ಇದೆ ಎಂದ. "ದ್ರಾಕ್ಷಿ ಅಂತ ಯಾಕೆ ಯಾರೂ ಹೇಳಲ್ಲ? ಮಾಡಿರೋದು ಅದರಿಂದ ತಾನೆ?" ಎಂದು ಅಕ್ಕ ಕೇಳಿದಳು. ಪಕ್ಕದಲ್ಲಿ ಕೂತಿದ್ದ ತಂಗಿ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ಮೂರನೆಯದಾದ ವೆರ್ಮೆಂಟಿನೊಗೆ ಅವನು ಉಪ್ಪು ಗಾಳಿ, ಒದ್ದೆ ಕಲ್ಲಿನ ರುಚಿ ಎಂದ.

"ಕಲ್ಲಿನ ರುಚಿ ನಿಮಗೆ ಹೇಗೆ ಗೊತ್ತು?"

"ಚಿಕ್ಕವನಿದ್ದಾಗ ನೆಕ್ಕಿದೀನಿ. ನೀವು ನೆಕ್ಕಿಲ್ವಾ?"

ಅವಳೂ ನೆಕ್ಕಿದ್ದಳು. ಮುಂದಿನ ಬಾಟಲಿ ತೆಗೆಯಿರಿ ಎಂದಳು.

ಕೊನೆಯದು ವೆರ್ದಿಕ್ಕಿಯೊ. ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಕೈ ಎತ್ತಿ, "ನೀವು ಸುಮ್ನಿರಿ" ಎಂದಳು. ಕುಡಿದಳು. ನಿಂಬೆಯಂಥ ಹುಳಿ ಬಂದು ಹೋಯಿತು. ಹಿಂದೆಯೇ, ಗಂಟಲಿನ ಹತ್ತಿರ, ಸಿಪ್ಪೆಸಹಿತ ಹಸಿ ಬಾದಾಮಿ ಕಚ್ಚಿದಂಥ ಚೂರು ಕಹಿ. ಆ ಕಹಿಗಾಗಿಯೇ ಇನ್ನೊಂದು ಗುಟುಕು ಬೇಕೆನಿಸಿತು.

"ಕಹಿ" ಎಂದಳು.

"ಅದೇ! ಅದೇ ಇದರ ಗುರುತು ಅಕ್ಕ!" ಮೂಗಪ್ಪನ ಮುಖ ಊರಗಲವಾಯಿತು.

ಅಕ್ಕನಿಗೆ ಮಾತ್ರ ಕಸಿವಿಸಿ. ಬಾದಾಮಿ ಎಂಬ ಮಾತನ್ನು ಅವನು ಆಗಲೇ ಕಿವಿಗೆ ಹಾಕಿಬಿಟ್ಟಿದ್ದನಲ್ಲ? ತನ್ನ ನಾಲಿಗೆಯೂ ಅವನ ಪಕ್ಷ ಸೇರಿತೇ? ಮನೆಗೆ ಹೊರಟಾಗ ಅವನು ಅದೇ ವೆರ್ದಿಕ್ಕಿಯೊದ ಹಳೆಯ ವರ್ಷದ ಒಂದು ಬಾಟಲಿ ಕೈಗಿಟ್ಟು, "ಭಾನುವಾರ ಊಟಕ್ಕೆ ಬರ್ತೀವಲ್ಲ, ಆಗ ತೆಗೆಯೋಣ. ಇದು ನನ್ನ ಹತ್ರ ಇರೋದ್ರಲ್ಲೇ ಒಳ್ಳೇದು" ಎಂದ. ಒಳ್ಳೆಯದು ಎಂದು ಹೇಳುವವನು ಅವನೇ, ಮಾರುವವನೂ ಅವನೇ. ದಾರಿಯುದ್ದಕ್ಕೂ ಅಕ್ಕನಿಗೆ ಅದೇ ಕೊರೆತ.

ಭಾನುವಾರ ಬೆಳಿಗ್ಗೆ ಅವಳು ಬಾಟಲಿಯ ಬಿರಡೆ ತೆಗೆದು, ಒಳಗಿದ್ದುದನ್ನೆಲ್ಲ ತನ್ನ ಸ್ಟೀಲ್ ಫ್ಲಾಸ್ಕಿಗೆ ಸುರಿದುಕೊಂಡಳು. ಮೂಲೆಯ ಅಂಗಡಿಯಲ್ಲಿ ರಟ್ಟಿನ ಡಬ್ಬಿಯಲ್ಲಿ ಸಿಗುವ ಅಗ್ಗದ ವೈನನ್ನು ಬಾಟಲಿಗೆ ತುಂಬಿದಳು. ಆಲೂಗಡ್ಡೆ ಹೆಚ್ಚುತ್ತಿದ್ದ ಅಮ್ಮ ನೋಡಿಯೇ ನೋಡಿದಳು.

"ಏನೇ ಅದು?"

"ಪರೀಕ್ಷೆ."

"ಬಾಟ್ಲಿಗೋ ಹುಡುಗನಿಗೋ?"

"ಇಬ್ಬರಿಗೂ."

"ನಿಮ್ಮಪ್ಪನ್ನ ನಾನು ಹೀಗೆ ಪರೀಕ್ಷೆ ಮಾಡಿದ್ರೆ ನೀನು ಹುಟ್ತಾನೇ ಇರ್ಲಿಲ್ಲ" ಎಂದು ಅಮ್ಮ ಮತ್ತೆ ಚಾಕು ಹಿಡಿದಳು.

ತಂಗಿ, ಮೂಗಪ್ಪ ಬಂದರು, ಎಲ್ಲರೂ ಊಟಕ್ಕೆ ಕೂತರು. ಅಕ್ಕ ತಾನೇ ಬಗ್ಗಿಸಿದಳು. ಮೂಗಪ್ಪ ಎಂದಿನಂತೆ ಮೂಗು ಇಳಿಸಿದ. ಮೂಗು ಅಲ್ಲೇ ಒಂದು ಗಳಿಗೆ ಹೆಚ್ಚು ನಿಂತಿತು. ಲೇಬಲ್ ನೋಡಿದ, ಅಕ್ಕನನ್ನು ನೋಡಿದ, ಒಂದು ಗುಟುಕು ಕುಡಿದ.

"ಚೆನ್ನಾಗಿದೆ ಅಕ್ಕ. ಬಿರಡೆ ಮುಂಚೇನೇ ತೆಗೆದು ಗಾಳಿಯಾಡಿಸಿದ್ದು ಒಳ್ಳೇದಾಯ್ತು."

"ಕೊನೇಲಿ ಕಹಿ ಬಂತಾ?"

"ಬಂತು."

ಗ್ಲಾಸು ಖಾಲಿ ಮಾಡಿ ಇನ್ನೊಂದು ಸುತ್ತಿಗೂ ಒಡ್ಡಿದ. ಇನ್ನೊಂದು ಕಾರು ಗುದ್ದಿತು ಎಂದವನ ಕಾರಿನ ಬಾಗಿಲ ಮೇಲೆ ಅವನದೇ ಮನೆಯ ಗೇಟಿನ ಬಣ್ಣ ಸಿಕ್ಕಾಗ ಆಗುವಂಥ ಸಂತೋಷ ಅಕ್ಕನಿಗೆ. ತಟ್ಟೆ ಎತ್ತುವ ನೆಪದಲ್ಲಿ ತಂಗಿಯನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದಳು. "ನಿನ್ನ ಹುಡುಗ ಡಬ್ಬಿ ವೈನನ್ನ ಹೊಗಳಿ ಎರಡು ಗ್ಲಾಸ್ ಕುಡಿದ ಕಣೇ. ಅವನ ಕಲ್ಲು, ಹೂವು ಎಲ್ಲ ಬೊಗಳೆ."

ತಂಗಿಯ ಕಿವಿ ಕೆಂಪಾಯಿತು. "ನಂಗೂ ಯಾಕೋ ಸಪ್ಪೆ ಅನ್ನಿಸ್ತು. ಅವನು ಚೆನ್ನಾಗಿದೆ ಅಂದ ಅಂತ ಸುಮ್ನಾದೆ" ಎಂದು ಗೊಣಗಿ, ಕೈ ಒರೆಸಿಕೊಂಡು ನೇರ ಮೇಜಿಗೆ ಹೋದಳು. "ಇದು ನೀನು ಕೊಟ್ಟ ವೈನ್ ಅಲ್ವಂತೆ. ಅಕ್ಕ ಬದಲಾಯಿಸಿದ್ಲಂತೆ. ನಿಂಗೆ ಗೊತ್ತಾಯ್ತಾ ಇಲ್ವಾ?"

ಮೂಗಪ್ಪ ಅಕ್ಕನ ಕಡೆ ತಿರುಗಲಿಲ್ಲ. "ಮೂಸಿದ ತಕ್ಷಣ ಗೊತ್ತಾಯ್ತು."

"ಮತ್ತೆ ಚೆನ್ನಾಗಿದೆ ಅಂದೆ?"

"ಬಾಟ್ಲಿ ಕೈಜಾರಿ ಚೆಲ್ಲಿರಬೇಕು, ಇಲ್ಲ ಯಾರೋ ಕುಡಿದಿರಬೇಕು, ಅಕ್ಕ ಮುಜುಗರಕ್ಕೆ ಬೇರೆ ತುಂಬಿಟ್ಟಿದಾರೆ ಅಂದ್ಕೊಂಡೆ. ಮೊದಲ ಸಲ ಮನೆಗೆ ಬಂದೋನು ಅದನ್ನ ಎತ್ತಿ ಆಡ್ಲಾ?"

"ಸಿಕ್ಕಿಬಿದ್ದ ಮೇಲೆ ಎಲ್ಲರೂ ಹೀಗೇ ಹೇಳೋದು" ಎಂದು ಅಕ್ಕ ಎದ್ದಳು. ಅಡುಗೆಮನೆಯಲ್ಲಿ ಮೂರು ಗ್ಲಾಸು ಇಟ್ಟು, ಎರಡಕ್ಕೆ ಡಬ್ಬಿಯದು, ಒಂದಕ್ಕೆ ಫ್ಲಾಸ್ಕಿನದು ಹಾಕಿ ತಂದಳು. ಅವನು ಕುಡಿಯಲೂ ಇಲ್ಲ. ಒಂದೊಂದಾಗಿ ಮೂಸಿ ಮಧ್ಯದ್ದನ್ನು ಮುಂದೆ ತಳ್ಳಿದ.

"ಇದು ನಂದು. ಆದ್ರೆ ಇದಕ್ಕೆ ಕಾಫಿ ವಾಸನೆ ಬಂದಿದೆಯಲ್ಲ ಅಕ್ಕ."

ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಕ್ಕ ದಿನವೂ ಆಫೀಸಿಗೆ ಕಾಫಿ ಒಯ್ಯುವ ಫ್ಲಾಸ್ಕದು.

ನಗುವುದಕ್ಕೆ ಆಗದೆ ಇದ್ದವಳು ಅಕ್ಕ ಒಬ್ಬಳೇ. ಅವನಿಗೆ ವೈನ್ ಗೊತ್ತು, ಒಪ್ಪಿದಳು. ಅವಳನ್ನು ಈಗ ಹಿಡಿದಿದ್ದು ಬೇರೆಯೇ ಭಯ. "ಸುಳ್ಳು ಹಿಡಿಯೋದೇ ನನ್ನ ಹೊಟ್ಟೆಪಾಡು" ಎಂದಳು ಮೆಲ್ಲಗೆ. "ನೀವು ಚೆನ್ನಾಗಿದೆ ಅಂದಾಗ ನಿಮ್ಮ ಮುಖದಲ್ಲಿ ನನಗೆ ಏನೇನೂ ಕಾಣಲಿಲ್ಲ."

ಆ ಮಾತು ಅವನಿಗಿಂತ ತಂಗಿಗೆ ಹೆಚ್ಚು ತಾಗಿತು. ಅವಳು ಕುರ್ಚಿ ಎಳೆದು ಅವನೆದುರು ಕೂತಳು.

"ಹೋದ ವಾರ ನಾನು ಮಾಡಿದ ಮೀನು ಚೆನ್ನಾಗಿದೆ ಅಂದೆಯಲ್ಲ?"

"ಒಣಗಿತ್ತು."

"ಕೂದಲು ಕತ್ತರಿಸಿಕೊಂಡಾಗ?"

"ಮುಂಚಿನದೇ ಚೆನ್ನಾಗಿತ್ತು."

"ನನ್ನನ್ನ ಇಷ್ಟ ಅಂದಿದ್ದು?"

"ಅದರಲ್ಲಿ ಸುಳ್ಳಿಲ್ಲ ಕಣೇ."

"ಇದೇ ದನಿಯಲ್ಲಿ ತಾನೆ ವೈನೂ ಚೆನ್ನಾಗಿದೆ ಅಂದಿದ್ದು?"

ಅವನ ಮುಖದಲ್ಲಿ ಈಗ ಎಲ್ಲವೂ ಕಾಣುತ್ತಿತ್ತು, ಓದಲು ಅಕ್ಕನಂಥವಳು ಬೇಕಿರಲಿಲ್ಲ. "ಬಿಡೇ, ನನ್ನ ಮರ್ಯಾದೆ ಕಾಪಾಡೋಕೆ ಹೇಳಿದ್ದು ಅದು. ಒಳ್ಳೇ ಮನಸ್ಸಿಂದಾನೇ" ಎಂದು ಅಕ್ಕ ಅವನ ಪರ ವಕಾಲತ್ತಿಗೆ ನಿಂತಳು.

"ನೀನು ಮಾತಾಡಬೇಡ. ಬೆಂಕಿ ಹಚ್ಚಿದೋಳೇ ನೀನು" ಎಂದು ತಂಗಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಅವನು ಅಮ್ಮನಿಗೆ ಬರ್ತೀನಿ ಎಂದು ಹೇಳಿ ಹಿಂದೆ ಹೋದ. ಕಿಟಕಿಯಿಂದ ನೋಡಿದರೆ ಇಬ್ಬರೂ ಒಂದೇ ರಸ್ತೆಯಲ್ಲಿ ನಡುವೆ ಮಾರು ದೂರ ಬಿಟ್ಟು ನಡೆಯುತ್ತಿದ್ದರು.

"ಸಮಾಧಾನ ಆಯ್ತಾ?" ಎಂದಳು ಅಮ್ಮ. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ತಂಗಿ ಫೋನು ಎತ್ತಲಿಲ್ಲ. ಅಕ್ಕನಿಗೆ ಕೆಲಸದಲ್ಲಿ ಗಮನ ನಿಲ್ಲದಾಯಿತು. ಕಣ್ಣಿಗೆ ಹೊಡೆಯುವಂಥ ಸುಳ್ಳಿನ ಕಥೆಯೊಂದಕ್ಕೆ ಸಹಿ ಹಾಕಿಬಿಡುವುದರಲ್ಲಿದ್ದಳು. ಕೊನೆಗೊಂದು ಮಧ್ಯಾಹ್ನ ತಡೆಯಲಾರದೆ ತಂಗಿ ಕೆಲಸ ಮಾಡುವ ಆಸ್ಪತ್ರೆಗೆ ಹೋದಳು. ತಂಗಿ ಫಿಸಿಯೋಥೆರಪಿಸ್ಟ್. ಭುಜ ಮುರಿದುಕೊಂಡಿದ್ದ ಒಬ್ಬ ಮುದುಕನಿಗೆ ಕೈ ಎತ್ತುವುದನ್ನು ಹೇಳಿಕೊಡುತ್ತಿದ್ದಳು. ಅವನು ಹಲ್ಲುಕಚ್ಚಿ, ಬೆವರು ಹರಿಸಿ ಎತ್ತಿದ ಕೈ ಎದೆಮಟ್ಟಕ್ಕೂ ಬರಲಿಲ್ಲ.

"ಆಹಾ! ನಿನ್ನೆಗಿಂತ ಎಷ್ಟೋ ಮೇಲು ತಾತ" ಎಂದಳು ತಂಗಿ.

ಮುದುಕ ಮಗುವಿನ ಹಾಗೆ ಹಿಗ್ಗಿದ. ಕೈ ಎಷ್ಟೆತ್ತರ ಬಂತೆಂದು ಬರೆಯುವ ಗೋಡೆಯ ಬೋರ್ಡಿನಲ್ಲಿ ನಿನ್ನೆಯ ಗುರುತು ಇವತ್ತಿನದಕ್ಕಿಂತ ಮೇಲಿರುವುದು ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಕಾಣುತ್ತಿತ್ತು. ತಂಗಿ ತಿರುಗಿದಳು. ಅಕ್ಕನ ಕಣ್ಣು ಎಲ್ಲಿದೆ ಎಂದು ನೋಡಿದಳು.

"ಏನು?"

"ಏನಿಲ್ಲ" ಎಂದಳು ಅಕ್ಕ. "ನಂದು ತಪ್ಪಾಯ್ತು ಅಂತ ಹೇಳೋಕೆ ಬಂದೆ."

ತಂಗಿ ಟವೆಲ್ಲು ಮಡಿಸಿಟ್ಟಳು. "ನಾವು ಕೂತು ಮಾತಾಡಿದ್ವಿ. ಮದುವೆ ನಿಂತಿಲ್ಲ."

"ಏನು ಮಾತಾಡಿದ್ರಿ?"

"ಅದು ನಮ್ಮಿಬ್ಬರದು."

ಚಿಕ್ಕಂದಿನಿಂದ ತಂಗಿ ಅಕ್ಕನಿಂದ ಏನನ್ನೂ ಮುಚ್ಚಿಟ್ಟವಳಲ್ಲ. ಅಕ್ಕನಿಗೆ ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರಳವಾಗಿ ಮುಗಿಯಿತು. ಅಕ್ಕನೇ ಸಾಕ್ಷಿ ಸಹಿ ಹಾಕಿದಳು. ಹೊಸ ಸರಕು ತರಿಸುವ ಮೊದಲು ಮೂಗಪ್ಪ ಈಗ ಸ್ಯಾಂಪಲ್ ಬಾಟಲಿಗಳನ್ನು ಅಕ್ಕನ ಮನೆಗೇ ತರುತ್ತಾನೆ. "ಹೋಟೆಲಿನವರು ನನ್ನ ಮುಖ ನೋಡಿ ಚೆನ್ನಾಗಿದೆ ಅಂತಾರೆ, ನೀವು ಮಾತ್ರ ಉಗಿಯೋದು" ಎನ್ನುತ್ತಾನೆ. ಅಕ್ಕ ಒಂದಕ್ಕೆ ನೀರು ಎನ್ನುತ್ತಾಳೆ, ಇನ್ನೊಂದಕ್ಕೆ ನೀರಿಗಿಂತ ಕಡೆ ಎನ್ನುತ್ತಾಳೆ. ಒಮ್ಮೊಮ್ಮೆ, ತೀರಾ ಅಪರೂಪಕ್ಕೆ, ಇನ್ನೊಂದು ಸುತ್ತಿಗೆ ಗ್ಲಾಸು ಮುಂದೆ ಒಡ್ಡುತ್ತಾಳೆ. ಅಂಥದ್ದನ್ನು ಅವನು ತರಿಸುತ್ತಾನೆ.

ನಿಜಕ್ಕೂ ತನ್ನ ತೀರ್ಪು ಕೇಳುತ್ತಾನೋ, ಹೆಂಡತಿಯ ಅಕ್ಕನನ್ನು ಸಂತೋಷವಾಗಿಡಲು ಕೇಳಿದಂತೆ ಮಾಡುತ್ತಾನೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅವನು ಬಗ್ಗಿಸುವಾಗ ಅವಳು ಗ್ಲಾಸನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿರುತ್ತಾಳೆ.